ಒಂಬತ್ತು ಗಂಟೆ ಗಾಳಿ

ಹೆಣ್ತಿ ಖಾಸಿಂಬಿ ತೀರಿಹೋಗಿ ನಲವತ್ತು ದಿನದ ಫಾತೆಹಾ ಮುಗದ ಮ್ಯಾಲ ಅಕಿ ಟ್ರಂಕ್ ತೆಗದೆ. ಸೀರಿ ಯಾರಿಗಾದ್ರೂ ಕೊಡು ಅಪ್ಪಾ, ಸುಮ್ಮನ ಇಟ್ಟು ನುಸಿಗೆ ತಿನ್ನಸಬ್ಯಾಡ ಅಂತ ಮಗಳು ಶಾಕೀರಾ ಗಂಡನ ಮನಿಗೆ ಹೋಗುವಾಗ ನಾಕು ಸಲ ಹೇಳಿ ಹೋಗಿದ್ಲು. ಮುಚ್ಚಳ ಎತ್ತಿದ ಕೂಡಲೆ ಡಾಂಬರ ಗುಳಗಿ ವಾಸನಿ ಬಂತು, ಅದರ ಹಿಂದ ಗ್ರೀಸಿನ ವಾಸನಿ. ಹೆಣ್ಮಗಳ ಟ್ರಂಕಿನ್ಯಾಗ ಗ್ರೀಸ್ ಎಲ್ಲಿಂದ ಬರಬೇಕು? ಕೈ ಹಾಕಿ ನೋಡಿದ್ರ ಸೀರಿ ಸಂದ್ಯಾಗ ಒಂದು ಬಾಗಿದ ತಂತಿ, ಅದಕ್ಕ ಪೋಣಿಸಿದ ಇನ್‌ಲ್ಯಾಂಡ್ ಪತ್ರ. ಎಲ್ಲಾ ನನ್ನ ಅಕ್ಷರ. ಒಂದೊಂದರ ಮ್ಯಾಲೂ ನನ್ನ ಹೆಬ್ಬೆರಳಿನ ಕರೇ ಗುರ್ತು.

ತಂತಿ ಕೈಯಾಗ ಹಿಡಕೊಂಡು ಹೊರಗ ಕಟ್ಟಿ ಮ್ಯಾಲ ಕುಂತೆ. ಗೋವಾದ ಕೊರ್ತಾಲಿಮ್‌ದಾಗ ನಮ್ಮ ಖೋಲಿ ಹೊಳಿ ಕಡೆ ಐತಿ, ಸೇತುವೆ ಮ್ಯಾಲಿನ ಲಾರಿ ಸಪ್ಪಳ ಇಡೀ ದಿನ ತಪ್ಪೂದಿಲ್ಲ. ಅವತ್ತ ನಂಗ ಲಾರಿ ಸಪ್ಪಳ ಕೇಳಲಿಲ್ಲ. ಕುಂಕಳ್ಳಿ ಗುಡ್ಡದ ಮ್ಯಾಲ ತಂತಿ ಹಗ್ಗ ಗಾಳಿಗೆ ಗುಂಯ್ ಅನ್ನೂದು ಕೇಳಾಕತ್ತಿತ್ತು.

ತೊಂಬತ್ತನೇ ಇಸ್ವಿ ದಾಟಿ ಒಂದೆರಡು ವರ್ಷ ಆಗಿರಬೇಕು. ನಾನು ಸಿಂದಗಿ ಕಡ್ಯಾಂವ, ಲಾಲಸಾಬ. ಊರಾಗ ನಮಗ ಹೊಲ ಇದ್ದಿಲ್ಲ, ಗೌಡ್ರ ಹೊಲದಾಗ ದುಡಿದು ತಿಂದ ಮನಿತನ. ಖಾಸಿಂಬಿನ್ನ, ಕೂಸು ಶಾಕೀರಾನ್ನ ನಮ್ಮವ್ವನ ಹಂತ್ಯಾಕ ಬಿಟ್ಟು ಗೋವಾಕ್ಕ ಬಂದು, ಕುಂಕಳ್ಳಿ ಕಾರ್ಖಾನಿ ಎಸ್ಟೇಟಿನ್ಯಾಗ ಶೆಡ್ ಕಟ್ಟೂ ಕೆಲಸಕ್ಕ ಸೇರಿದ್ದೆ. ಒಂದಿನ ಸಿಮೆಂಟ್ ಬುಟ್ಟಿ ಹೊತ್ತು ಹಲಗಿ ಮ್ಯಾಲ ಓಡಾಡುವಾಗ ನನ್ನ ಹಾಳು ಅವಸರಕ್ಕ ಕಾಲು ಜಾರಿತು. ಬಲಗಾಲು ಎರಡು ಕಡೆ ಮುರೀತು. ದವಾಖಾನ್ಯಾಗ ಪಟ್ಟಿ ಕಟ್ಟಾಕತ್ತಾಗ ಊರಿಗೂರ ಕರೆಂಟ್ ಹೋತು. ನರ್ಸ್ ಬಾಯಿ ಒಬ್ಬಾಕಿ ಬ್ಯಾಟ್ರಿ ಹಿಡದು ನಿಂತ್ಲು, ಡಾಕ್ಟರ್ ಆ ಬೆಳಕಿನ್ಯಾಗ ಎಲುವು ಜೋಡಿಸಿದ್ರು. ಬ್ಯಾಟ್ರಿ ಹಿಡದ ಆ ಕೈ ನಂಗ ಇನ್ನೂ ಕಣ್ಣಾಗ ಐತಿ. ಕಾಲು ಕೂಡಿತು, ಆದ್ರ ಭಾರ ಹೊರೂ ಕಾಲಾಗಿ ಉಳೀಲಿಲ್ಲ.

ಇನ್ನ ಊರಿಗೆ ಹೋಗೂದ ಗತಿ ಅನ್ಕೊಂಡಾಗ ಯಾರೋ ಸುದ್ದಿ ತಂದ್ರು. ಗುಡ್ಡದ ಮ್ಯಾಲ ಗಾಳಿ ಅಳ್ಯಾಕ ಕಂಬ ನಿಲ್ಲಿಸ್ಯಾರ, ಕಾಯಾಕ ಒಬ್ಬಾಂವ ಬೇಕಂತ, ಅಂಕಿ ಬರೀಲಾಕ ಬಂದ್ರ ಸಾಕಂತ. ನಂಗ ನಗು ಬಂತು. ಗಾಳಿ ಅಳ್ಯಾಕೂ ಪಗಾರ ಕೊಡ್ತಾರಂದ್ರ ಇದ್ಯಾವ ರಾಜ್ಯೆ! ಆದ್ರ ಏಳನೇತ್ತ ಪಾಸಾದಾಂವ ನಾನು, ಅಂಕಿ ಚಂದ ಬರೀತಿದ್ದೆ, ಕುಂತು ಮಾಡೂ ಕೆಲಸ ಬ್ಯಾರೆ. ಕುಂಟಗೋತ ಗುಡ್ಡ ಹತ್ತಿದೆ.

ಗುಡ್ಡದ ತಲಿ ಮ್ಯಾಲ ಚಪ್ಪಟಿ ಬಯಲು, ಬರೇ ಕೆಂಪುಕಲ್ಲು. ಒಂದು ಗಿಡ ಇಲ್ಲ. ನಡುವ ಕಬ್ಬಿಣದ ಉದ್ದ ಕಂಬ, ಸುತ್ತಲೂ ತಂತಿ ಹಗ್ಗ ಬಿಗದಿದ್ರು. ತುದಿಗೆ ಮೂರು ಬಟ್ಟಲ ಗಿರಗಿರ ತಿರಗ್ತಿದ್ವು. ಕೆಳಗ ನಾಕು ಮಾರು ದೂರ ನನ್ನ ತಗಡಿನ ಖೋಲಿ. ಒಳಗ ಎರಡು ಡಬ್ಬಿ. ಒಂದರಾಗ ಮುಳ್ಳು, ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಓಡತೈತಿ ಅಂತ ತೋರಸೂದು. ಇನ್ನೊಂದರಾಗ ಕಾಗದದ ಸುರುಳಿ, ಅದರ ಮ್ಯಾಲ ಒಂದು ಪೆನ್ನು ಹಗಲೂ ರಾತ್ರಿ ತಾನಾ ಗೆರಿ ಎಳೀತಿತ್ತು. ನನ್ನ ಕೆಲಸ ಇಷ್ಟ: ಮುಂಜಾನಿ ಆರಕ್ಕ, ಒಂಬತ್ತಕ್ಕ, ಹನ್ನೆರಡಕ್ಕ, ಮೂರಕ್ಕ, ಸಂಜಿ ಆರಕ್ಕ ಮುಳ್ಳು ನೋಡಿ ರಜಿಸ್ಟರಿನ್ಯಾಗ ಬರೀಬೇಕು. ತಂತಿ ಹಗ್ಗದ ತಿರುಪಿಗೆ ಗ್ರೀಸ್ ಹಚ್ಚಬೇಕು. ದನ ಬಂದು ಮೈ ತಿಕ್ಕಿದ್ರ ಓಡಸಬೇಕು.

ಕೆಲಸ ಹೇಳಿಕೊಟ್ಟವ್ರು ಕಾಮತ ಸಾಹೇಬ್ರು. ಮಡಗಾಂವದ ಇಂಜಿನಿಯರು, ಬೆಳಗಾಂವದಾಗ ಕಲ್ತವ್ರು, ಹಂಗಾಗಿ ಕನ್ನಡ ಬರ್ತಿತ್ತು. ತಿಂಗಳಿಗೊಮ್ಮೆ ಜೀಪಿನ್ಯಾಗ ಬಂದು ಕಾಗದದ ಸುರುಳಿ ಒಯ್ತಿದ್ರು. ಮದಲನೇ ದಿನಾನ ಅವರು ಬೊಟ್ಟು ಮಾಡಿ ಮೂಡಲ ಕಡೆ ಘಟ್ಟ ತೋರಿಸಿದ್ರು. "ನೋಡ್ರಿ ಲಾಲಸಾಬ, ಗೋವಾದಾಗ ಹಚ್ಚೂ ದೀಪದ ಕರೆಂಟ್ ಬಹಳಷ್ಟು ಆ ಕಡೆಯಿಂದ ಬರ್ತದೆ. ನಿಮ್ಮ ರಾಜ್ಯದಿಂದ, ಮಹಾರಾಷ್ಟ್ರದಿಂದ. ದೊಡ್ಡ ಲೈನು ಎಲ್ಲಾ ಒಂದಕ್ಕೊಂದು ಗಂಟು ಹಾಕ್ಯಾವ. ಇಲ್ಲಿ ಗಾಳಿ ಚಲೋ ಸಿಕ್ಕರ ಹತ್ತು ಹದಿನೈದು ದೊಡ್ಡ ಪಂಖಾ ನಿಲ್ಲಸ್ತಾರೆ. ಆಗ ನಾವೂ ಆ ಗಂಟಿಗೆ ನಮ್ಮದೊಂದು ಎಳಿ ಹಾಕ್ತೇವಿ."

"ಆವಾಗ ಕಾಯಾಕ ಯಾರ್ರಿ?" ಅಂದೆ. ನನ್ನ ಬುದ್ಧಿ ಓಡಿದ್ದು ಅಲ್ಲೆ.

ಅವರು ನಕ್ಕರು. "ನೀವಾ. ಕಾಯಂ ಆಗ್ತದೆ. ಗುಡ್ಡದ ಬುಡದಾಗ ಎರಡು ಖೋಲಿ ಕ್ವಾರ್ಟರ್ಸ್ ಸುದ್ದಾ ಕಾಗದದಾಗ ಬರದಾರೆ."

ಎರಡು ಖೋಲಿ. ಆ ಮಾತು ಹಿಡಕೊಂಡು ನಾ ಒಂದು ವರ್ಷ ಆ ಬೋಳು ಗುಡ್ಡದ ಮ್ಯಾಲ ಕುಂತೆ. ಅಲ್ಲಿಗೆ ಖಾಸಿಂಬಿ ಬರ್ತಾಳ, ಶಾಕೀರಾ ಬರ್ತಾಳ, ಮೂರೂ ಮಂದಿ ಒಂದ ಛಾವಣಿ ಕೆಳಗ ಉಣ್ತೀವಿ. ಲಗ್ನಾಗಿ ಆರು ವರ್ಷ ಆಗಿತ್ತು, ನಾವು ಗಂಡಾ ಹೆಣ್ತಿ ಕೂಡಿ ಇದ್ದದ್ದು ಎಲ್ಲಾ ಸೇರಿಸಿದ್ರ ವರ್ಷ ತುಂಬತಿದ್ದಿಲ್ಲ. ಗಾಳಿ ಚಲೋ ಬೀಸಿದ್ರ ಅಕಿ ಬರ್ತಾಳ, ಬೀಸಲಿಲ್ಲಂದ್ರ ಇಲ್ಲ. ನನ್ನ ಸಂಸಾರದ ಗತಿ ಆ ಮೂರು ಬಟ್ಟಲ ಕೈಯಾಗ ಇತ್ತು.

ಮಳಿಗಾಲ ಸುರುವಾತು ನೋಡ್ರಿ, ಎಂಥಾ ಗಾಳಿ ಅದು! ಸಮುದ್ರದ ಕಡೆಯಿಂದ ಎದ್ದು ಬಂದ್ರ ಖೋಲಿ ತಗಡು ಒದರತಿತ್ತು. ಮಳಿ ಮ್ಯಾಲಿಂದ ಬೀಳ್ತಿದ್ದಿಲ್ಲ, ಅಡ್ಡಡ್ಡ ಬರ್ತಿತ್ತು. ಒಲಿ ಹೊತ್ತಿಸಿದ್ರ ನಿಲ್ತಿದ್ದಿಲ್ಲ. ನಾಕೈದು ದಿನ ಬರೇ ಪಾವ್ ನೀರಾಗ ಅದ್ದಿ ತಿಂದಿದ್ದೂ ಐತಿ. ಆದ್ರ ಮುಳ್ಳು ನೋಡಿದಾಗೆಲ್ಲ ಹೊಟ್ಟಿ ತುಂಬತಿತ್ತು. ಹತ್ತು, ಹನ್ನೊಂದು, ಒಮ್ಮೊಮ್ಮೆ ಹದಿನಾಕು. ಬಿಡೂ ಹೊತ್ತಿಲ್ಲದಂಗ ಬೀಸಿತು ಮೂರು ತಿಂಗಳು. ಕಾಮತ ಸಾಹೇಬ್ರು ಬಂದಾಗ "ಬರೆಂ, ಬರೆಂ", ಚಲೋ ಚಲೋ ಅಂತ ಕೊಂಕಣ್ಯಾಗ ಅಂದು ಬೆನ್ನು ತಟ್ಟಿದ್ರು. ಆ ಮೂರು ತಿಂಗಳು ಮನಶ್ಯಾರ ಮಾರಿ ನೋಡಿದ್ದು ಅಂದ್ರ ಅವರದು, ಸೋಮವಾರ ಕುಂಕಳ್ಳಿಗೆ ಇಳದಾಗ ಕಿರಾಣಿ ಅಂಗಡಿಯವಂದು, ಪೋಸ್ಟಿನ್ಯಾಂವಂದು. ಅಷ್ಟ. ಮಾತಾಡಿ ಮಾತಾಡಿ ರೂಢಿ ಇದ್ದ ಬಾಯಿ ನಂದು. ಕಡಿಕಡಿಗೆ ಕಂಬಕ್ಕ ಮಾತಾಡಸಾಕತ್ತೆ. ಏನಪಾ, ಇವತ್ತ ಎಷ್ಟು ಹೊಡದಿ ಅಂತ ಕೇಳ್ತಿದ್ದೆ. ನಗಬ್ಯಾಡ್ರಿ, ಒಬ್ಬನ ಇದ್ದು ನೋಡ್ರಿ ಗೊತ್ತಾಕ್ಕೈತಿ.

ದಸರಾ ಹೊತ್ತಿಗೆ ಒಂದು ಸಿಡ್ಲು ಮಳಿ ಬಂತು. ಸಿಡ್ಲು ಕಂಬಕ್ಕ ಬಡೀಲಿಲ್ಲ, ಅಲ್ಲೆ ಎಲ್ಲೋ ಬಗಲಾಗ ಬಿತ್ತು. ಗೆರಿ ಎಳಿಯೂ ಡಬ್ಬಿ ಹೊಗಿ ಬಿಟ್ಟು ನಿಂತಬಿಟ್ತು. ಮುಳ್ಳಿನ ಡಬ್ಬಿಗೆ ಏನೂ ಆಗಲಿಲ್ಲ. ಸಾಹೇಬ್ರು ಬಂದು ನೋಡಿ ತಲಿ ಕೆರಕೊಂಡ್ರು. "ಇದರ ಸಾಮಾನು ಪರದೇಶದಿಂದ ಬರಬೇಕು. ಮೂರು ನಾಕು ತಿಂಗಳು. ಅಲ್ಲಿತನಕ ನಿಮ್ಮ ರಜಿಸ್ಟರೇ ದೇವರು, ಲಾಲಸಾಬ. ಒಂದು ಹೊತ್ತು ತಪ್ಪಿಸಬ್ಯಾಡ್ರಿ."

ತಪ್ಪಸ್ಲಿಲ್ಲ. ಜ್ವರ ಬಂದಾಗೂ ತಪ್ಪಸ್ಲಿಲ್ಲ.

ಮಳಿ ಹ್ವಾದ ಮ್ಯಾಲ ಗಾಳಿ ಚಾಳಿ ಬದಲಾತು. ಮುಂಜಾನಿ ಆರಕ್ಕ ಘಟ್ಟದ ಕಡೆಯಿಂದ ತಣ್ಣಗ ಬರ್ತಿತ್ತು. ಹೊತ್ತು ಏರಿದಂಗ ಅದು ನಿಲ್ತಿತ್ತು. ಹತ್ತೂವರೆ ಹನ್ನೊಂದಕ್ಕ ಸಮುದ್ರದ ಗಾಳಿ ಏಳ್ತಿತ್ತು. ಎರಡರ ನಡುವ, ಸರಿಯಾಗಿ ಒಂಬತ್ತರ ಹೊತ್ತಿಗೆ, ಭಾಳ ದಿನ ಬಟ್ಟಲ ಸುಮ್ಮನ ನಿಂತು ಮುಳ್ಳು ಸೊನ್ನಿ ಮ್ಯಾಲ ಮಲಕೊಂಡಿರ್ತಿತ್ತು. ಸಂಜಿ ಆರಕ್ಕೂ ಹಂಗ, ಒಂದು ಗಾಳಿ ಹೋಗಿ ಇನ್ನೊಂದು ಬರೂ ನಡುವ ಒಂದು ತಾಸು ಖಾಲಿ.

ಗಾಳಿ ಕಾಯೂದು ನಂಗ ಯಾರೂ ಕಲಸಬೇಕಾಗಿದ್ದಿಲ್ಲ. ನಮ್ಮ ಕಡೆ ಸುಗ್ಗ್ಯಾಗ ಜ್ವಾಳದ ತೆನಿ ತುಳಿಸಿದ ಮ್ಯಾಲ ಕಣದಾಗ ತೂರಾಕ ಗಾಳಿ ಬೇಕು. ಕಾಳು ಕೆಳಗ ಬೀಳಬೇಕು, ಹೊಟ್ಟು ಹಾರಬೇಕು. ಗಾಳಿ ನಿಂತ್ರ ಯಾರೂ ಎದ್ದು ಮನಿಗೆ ಹೋಗೂದಿಲ್ಲ. ಬುಟ್ಟಿ ತುಂಬಕೊಂಡು, ಮಾರಿ ಮ್ಯಾಕ ಮಾಡಿ ಕುಂದ್ರೂದು. ಕಣದಾಗ ಗಾಳಿ ಇಲ್ಲ ಅಂತ ಬಾಯಿ ಬಿಟ್ಟು ಅನ್ನಂಗಿಲ್ಲ. ಅಂದ್ರ ರಾಶಿ ಬರಕತ್ತು ಹೋಗ್ತೈತಿ ಅಂತಾರ. ಕಾಳು ಅಳೆಯುವಾಗ ಮದಲನೇ ಕೊಳಗಕ್ಕ ಒಂದು ಅನ್ನೂದಿಲ್ಲ, ಲಾಭ ಅಂತೀವಿ, ಅಂಥಾ ನೇಮ. ನಮ್ಮಪ್ಪ ಅರ್ಧ ದಿನ ಕುಂತು ಕಾದದ್ದು ನೋಡೇನಿ. ಬಂದಾಗ ಎದ್ದು ತೂರಿದಾ ಅಂದ್ರ ಆ ದಿನ ಗಾಳಿ ಇದ್ದ ದಿನಾನ ಲೆಕ್ಕ.

ನಾನೂ ಹಂಗ ಮಾಡಿದೆ. ಒಂಬತ್ತಕ್ಕ ಮುಳ್ಳು ಮಲಗಿದ್ರ ಪೆನ್ನು ಕಿವಿಗೆ ಸಿಗಿಸಿ ಹೊರಗ ಕಲ್ಲಿನ ಮ್ಯಾಲ ಕುಂದ್ರತಿದ್ದೆ. ಹತ್ತಕ್ಕೋ ಹತ್ತೂವರೆಗೋ ಬಟ್ಟಲ ಅಲಗ್ಯಾಡಿ ಮುಳ್ಳು ನಾಕಕ್ಕ ಬಂತಂದ್ರ, ಒಂಬತ್ತರ ಮನ್ಯಾಗ ಚಂದಂಗ ನಾಕು ಅಂತ ಬರೀತಿದ್ದೆ. ಕೆಲಸ ಅಚ್ಚುಕಟ್ಟಾತು ಅಂತ ಖುಷಿ ಬ್ಯಾರೆ.

ಆ ಕಾಯೂ ಹೊತ್ತಿನ್ಯಾಗ ಬರದವು ಈ ಪತ್ರ. ಗಾಳಿ ಇದ್ದಾಗ ಆ ಗುಡ್ಡದ ಮ್ಯಾಲ ಕಾಗದ ಬಿಚ್ಚಿದ್ರ ಕೈಯಾಗ ಉಳೀತಿದ್ದಿಲ್ಲ, ಖೋಲಿ ಒಳಗ ಕಿಡಕಿ ಇಲ್ಲ, ಕತ್ತಲಿ. ಗಾಳಿ ನಿಂತಾಗ ತೊಡಿ ಮ್ಯಾಲ ಇನ್‌ಲ್ಯಾಂಡ್ ಹರವಿ ನಾಕು ಸಾಲು ಬರೀತಿದ್ದೆ. ಗಾಳಿ ನಿಂತ ದಿನ ಒಂದಿಷ್ಟು ಬರದು, ವಾರ ತುಂಬಿದ ಮ್ಯಾಲ ಸೋಮವಾರ ಕುಂಕಳ್ಳಿಗೆ ಇಳದು ಪೋಸ್ಟ್ ಡಬ್ಬಿಗೆ ಹಾಕೂದು. ರಜಿಸ್ಟರ್ ಬರದು ಬರದು ಕೈಗೆ ಅದ ಚಟ ಬಿದ್ದಿತ್ತು, ಪ್ರತಿ ಸಲ ಮದ್ಲ ತಾರೀಖು, ತಾಸು ಹಾಕಿನ ಮುಂದ ಬರೀತಿದ್ದೆ. ಇಷ್ಟನೇ ತಾರೀಖು, ಒಂಬತ್ತು ಹೊಡದೈತಿ. ಇಷ್ಟನೇ ತಾರೀಖು, ಸಂಜಿ ಆರು.

ಗಾಳಿ ನಿಂತಾಗ ಕೆಳಗಿನ ಊರು ಮ್ಯಾಲ ಬರ್ತಿತ್ತು. ಬೀಸೂ ಹೊತ್ತಿನ್ಯಾಗ ಬರೇ ತಂತಿ ಗುಂಯ್‌ಗುಡೂದು. ನಿಂತ ಕೂಡಲೆ ಸೈಕಲ್ ಮ್ಯಾಲ ಪಾವ್ ಮಾರಾಂವನ ಪೊಂ ಪೊಂ ಕೇಳ್ತಿತ್ತು, ಎಸ್ಟೇಟಿನ ಕಾರ್ಖಾನಿ ಭೋಂಗಾ ಕೂಗೂದು ಕೇಳ್ತಿತ್ತು, ಇಗರ್ಜಿ ಗಂಟಿ, ಯಾವಾಕಿನೋ ತನ್ನ ಮಗನ್ನ ಕರಿಯೂ ದನಿ. ಅದನ್ನೆಲ್ಲಾ ಖಾಸಿಂಬಿಗೆ ಬರದೆ. ಖರೇ ಹೇಳ್ಬೇಕಂದ್ರ, ಗಾಳಿ ಇದ್ದಾಗ ನಂಗ ಅಷ್ಟು ಒಂಟಿ ಅನಸ್ತಿದ್ದಿಲ್ಲ. ಊರಿನ ಸಪ್ಪಳ ಕೇಳಿದಾಗ ಅನಸ್ತಿತ್ತು. ಎಲ್ಲಾರೂ ಎಲ್ಲಾರಿಗೂ ಕೂಗಿ ಕರೀತಾರ, ನನ್ನ ಹೆಸರು ಹಿಡದು ಕರಿಯಾವ್ರು ಆ ಊರಾಗ ಒಬ್ರೂ ಇದ್ದಿಲ್ಲ.

ಅಕಿ ಉತ್ತರ? ತಿಂಗಳಿಗೊಂದು ಕಾರ್ಡು. ನಾಕನೇತ್ತ ಓದಿದಾಕಿ, ದುಂಡಗ ಎರಡು ಸಾಲು. "ಇಲ್ಲಿ ಎಲ್ಲಾರೂ ಆರಾಮ. ನೀವು ಕಾಲು ಜ್ವಾಕಿ." ಅಷ್ಟ. ನಾ ಎರಡು ಖೋಲಿ ಬಗ್ಗೆ ಬರೀತೀನಿ, ಶಾಕೀರಾನ್ನ ಯಾವ ಶಾಲಿಗೆ ಹಾಕಬೇಕು ಅಂತ ಬರೀತೀನಿ, ಹಿತ್ತಲದಾಗ ಏನು ಬೆಳೀಬೇಕು ಅಂತ ಬರೀತೀನಿ. ಅಕಿ ಯಾವಾಗ ಬರ್ಲಿ ಅಂತ ಒಂದು ಸಲ ಕೇಳಬಾರದ? ಬರಾಕ ಮನಸ್ಸ ಐತಿ ಅಂತ ಅಂದ್ರ ಕೈ ಸವಿತಿತ್ತ? ನಂಗ ಭಾಳ ಸಿಟ್ಟು ಬರ್ತಿತ್ತು. ಸಿಟ್ಟಿನ ಬುಡಕ ಒಂದು ಹೆದರಿಕಿ ಇತ್ತು, ಇಕಿಗೆ ನನ್ನ ಹಂತ್ಯಾಕ ಬರೂದು ಬೇಕಾಗೇ ಇಲ್ಲೇನೋ ಅಂತ. ಒಂದ್ಸಲ ನನ್ನ ಪತ್ರ ಮುಟ್ಟಾಕತ್ತಾವಿಲ್ಲೋ ಅಂತ ಬರದು ಕೇಳಿದೆ. "ಬರ್ತಾವ" ಅಂತ ಒಂದ ಶಬ್ದ ಬಂತು.

ಫೆಬ್ರುವರಿ ಸುರುವಿಗೆ ಹೊಸಾ ಸಾಮಾನು ಬಂತು. ಗೆರಿ ಡಬ್ಬಿ ಮತ್ತ ಓಡಾಕತ್ತಿತು. ಮೂರು ವಾರ ಬಿಟ್ಟು ಸಾಹೇಬ್ರು ಸುರುಳಿ ಬಿಚ್ಚಿ ನನ್ನ ರಜಿಸ್ಟರ್ ಬಗಲಾಗ ಇಟ್ಕೊಂಡು ಕುಂತ್ರು. ನೋಡ್ತಾ ನೋಡ್ತಾ ಅವರ ಮಾರಿ ಸಣ್ಣದಾತು.

"ಲಾಲಸಾಬ, ಇಲ್ಲಿ ನೋಡ್ರಿ. ಒಂಬತ್ತು ಗಂಟೆಗೆ ಮಷೀನ್ ಸೊನ್ನೆ ಅಂತದೆ. ನೀವು ನಾಕು ಅಂತೀರಿ. ಮರುದಿನಾನೂ ಹಂಗೇ. ಸಂಜೀನೂ ಹಂಗೇ. ನೀವು ನೋಡದೇ ಬರದ್ರೇನು?"

ನಂಗ ಅವಮಾನಾತು. "ಅಲ್ಲಾನ ಆಣಿ, ಒಂದ ಹೊತ್ತೂ ನೋಡ್ದ ಬರದಿಲ್ರಿ. ಒಂಬತ್ತಕ್ಕ ಗಾಳಿ ಬಂದಿದ್ದಿಲ್ಲ. ಹತ್ತೂವರೆಗೆ ಬಂತು. ಬಂದ ಮ್ಯಾಲ ಬರದೆ."

ಅವರು ಪೆನ್ಸಿಲ್ ಕೆಳಗಿಟ್ರು. ರಜಿಸ್ಟರಿನ ಹಾಳಿ ಹಿಂದಕ್ಕ ಹಿಂದಕ್ಕ ತಿರುವಿದ್ರು. "ದಸರಾದಿಂದ ಹಿಂಗೇ ಬರದೀರೇನು?"

"ಹೌದ್ರಿ. ಗಾಳಿ ಕಾಯ್ದು ಬರದೇನಿ. ತಪ್ಪಾತೇನ್ರಿ?"

ಬೈತಾರ ಅನ್ಕೊಂಡಿದ್ದೆ. ಬೈಲಿಲ್ಲ. ಹೊರಗ ಬಂದು ಕಲ್ಲಿನ ಮ್ಯಾಲ ಕುಂತು ನನ್ನನ್ನೂ ಕುಂದ್ರಿಸಿದ್ರು. ನಾ ಕಣದ ನೇಮ ಎಲ್ಲಾ ಹೇಳಿದೆ. ಪೂರ್ತಿ ಕೇಳಿದ್ರು. ಆಮ್ಯಾಲ ಅಂದ್ರು, "ನಿಮ್ಮ ಜೋಳ ಕಾಯ್ತದೆ ಲಾಲಸಾಬ. ಕರೆಂಟು ಕಾಯೂದಿಲ್ಲ. ರಾಶಿ ಹಾಕಿ ಇಡಾಕ ಬರೂದಿಲ್ಲ ಅದನ್ನ. ಒಂಬತ್ತಕ್ಕ ಕಾರ್ಖಾನಿ ಸುರುವಾಗ್ತದೆ, ಆರಕ್ಕ ಎಲ್ಲಾರ ಮನಿ ದೀಪ ಹತ್ತತಾವೆ. ಆ ಹೊತ್ತಿಗೆ ಗಾಳಿ ಇಲ್ಲಾ ಅಂದ್ರೆ ಘಟ್ಟದ ಮ್ಯಾಲೆ ಯಾವುದೋ ಡ್ಯಾಮಿನಾಗ ಯಾರೋ ಒಬ್ಬಾಂವ ನೀರು ಬಿಡಬೇಕು. ಅಂವಗೆ ಮದಲೇ ಗೊತ್ತಿರಬೇಕು. ಗಾಳಿ ಎಷ್ಟು ಬೀಸ್ತದೆ ಅನ್ನೂದಕ್ಕಿಂತ ಯಾವಾಗ ನಿಲ್ತದೆ ಅನ್ನೂದು ನಮಗೆ ಬೇಕಾಗಿತ್ತು. ಅದನ್ನೇ ನೀವು ಅಳಿಸಿ ಹಾಕೀರಿ."

"ಗೊತ್ತಿಲ್ದ ಅಂವ ನೀರು ಬಿಡ್ದ ಕುಂತ್ರ?"

"ಎಲ್ಲೋ ದೀಪ ಹೋಗ್ತಾವೆ."

ನಂಗ ದವಾಖಾನಿ ನೆನಪಾತು. ಬ್ಯಾಟ್ರಿ ಹಿಡದ ಕೈ.

ಸಾಹೇಬ್ರು ಎದ್ರು. ಈ ನಾಕು ತಿಂಗಳು ತೆಗದು ಒಗದ್ರ ವರ್ಷದ ಅಳತಿ ಪೂರಾ ಆಗೂದಿಲ್ಲ, ಮತ್ತೊಂದು ವರ್ಷಕ್ಕ ಮ್ಯಾಲಿನವ್ರು ಒಪ್ಪೂದಿಲ್ಲ ಅಂದ್ರು. ಇಲ್ಲಾ, ಯಾವ್ಯಾವ ಹೊತ್ತು ಖರೇನ ಗಾಳಿ ನಿಂತಿತ್ತು ಅಂತ ಪುರಾವೆ ಸಿಕ್ಕರ ತಿದ್ದಬಹುದು. ಇಲ್ಲಾ, ಅಂತ ಅಂದು ಅಲ್ಲಿಗೇ ಬಿಟ್ರು. ಅವರು ಬಿಟ್ಟ ಮಾತು ನಂಗ ತಿಳೀತು. ಸುಮ್ಮನಿದ್ರ ರಜಿಸ್ಟರ್ ಹಂಗ ಮ್ಯಾಲಕ್ಕ ಹೋಗ್ತೈತಿ, ಪಂಖಾ ಬರ್ತಾವ, ಎರಡು ಖೋಲಿ ಬರ್ತಾವ. ಅವರ ಮನಸಿನ್ಯಾಗೂ ಈ ಗುಡ್ಡದ ಆಸೆ ಇತ್ತು. ಕೆಟ್ಟ ಮನಶ್ಯಾ ಅಲ್ಲ, ದಣದಿದ್ರು.

ಎರಡು ದಿನ ಉಣ್ಣಲಿಲ್ಲ ನಾನು. ಪುರಾವೆ ಎಲ್ಲೈತಿ ಅಂತ ನಂಗೊಬ್ಬಗ ಗೊತ್ತಿತ್ತು. ಗಾಳಿ ನಿಂತ ಹೊತ್ತೆಲ್ಲಾ ತಾರೀಖು, ತಾಸು ಹಾಕಿ ಬರದು ಹೆಣ್ತಿಗೆ ಕಳಿಸೇನಿ. ಅಕಿ ಒಂದು ಚೀಟಿ ಒಗದಾಕಿ ಅಲ್ಲ. ಬಾಯಿ ಮುಚ್ಚಕೊಂಡು ಕುಂತ್ರ ಅಕಿ ನನ್ನ ಹಂತ್ಯಾಕ ಬರ್ತಾಳ, ಬಾಯಿ ಬಿಟ್ರ ಇಲ್ಲ. ಮೂರನೇ ದಿನ ಗುಡ್ಡ ಇಳದು ಪತ್ರ ಹಾಕಿದೆ. ನನ್ನ ಪತ್ರ ಅಷ್ಟೂ ಪೋಸ್ಟಿಗೆ ಹಾಕಿ ಕಳಸು, ಗಾಳಿ ಲೆಕ್ಕ ತಪ್ಪೈತಿ, ತಿದ್ದಬೇಕು. ತಿದ್ದಿದ್ರ ಪಂಖಾ ಬರೂದು ಕಷ್ಟ ಅನ್ನೂದನ್ನೂ ಬರದೆ. ಮುಚ್ಚಿಡಲಿಲ್ಲ.

ಪತ್ರ ಪೋಸ್ಟಿಗೆ ಬರಲಿಲ್ಲ. ಅಕಿನ ಬಂದ್ಲು. ಮಾರ್ಚ್ ಬಿಸಲಾಗ ತಲಿ ಮ್ಯಾಲ ಗಂಟು ಹೊತ್ತು ಗುಡ್ಡ ಹತ್ತಿ ಬರಾಕತ್ತಿದ್ಲು. ನಾ ಯಾರೋ ಕಟ್ಟಿಗಿ ಆರಸಾಕಿ ಅನ್ಕೊಂಡೆ. ಹಂತ್ಯಾಕ ಬಂದಾಗ ಗುರ್ತು ಹತ್ತಿತು, ಕುಂಟಗೋತ ಎದುರಿಗೆ ಹ್ವಾದೆ.

"ಪೋಸ್ಟಿಗೆ ಹಾಕಬಾರದಿತ್ತೇನು?" ಅಂದೆ. ವರ್ಷದ ಮ್ಯಾಲ ಹೆಣ್ತಿ ಮಾರಿ ನೋಡಿದಾಂವ ಆಡೂ ಮಾತ ಅದು? ಆಡಿಬಿಟ್ಟೆ.

"ನಿಮ್ಮ ಪೋಸ್ಟ್ ಮ್ಯಾಲ ನಂಗ ಭರೋಸಾ ಇಲ್ಲ. ಮೂರು ವಾರದ ಪತ್ರ ಬಂದಿಲ್ಲ" ಅಂದ್ಲು. ಗಂಟು ಇಳಿಸಿದ್ಲು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಅದರ ನಡುವ ತಂತಿಗೆ ಪೋಣಿಸಿದ ಈ ಪತ್ರ. ಸುತ್ತಲೂ ನೋಡಿ, "ಇಷ್ಟು ಬೋಳು ಐತಿ ಅಂತ ಬರದಿದ್ದಿಲ್ಲ ನೀವು" ಅಂದ್ಲು.

ಪುರಾವೆ ಸಿಕ್ಕೈತಿ ಅಂತ ಫೋನ್ ಮಾಡಿಸಿದೆ, ಮರುದಿನ ಮುಂಜಾನಿ ಸಾಹೇಬ್ರು ಬಂದ್ರು. ಅಕಿ ಹೊಸ್ತಲದಾಗ ಕುಂತು ಒಂದೊಂದ ಪತ್ರ ಬಿಡಿಸಿ ತಾರೀಖು, ತಾಸು ಅಷ್ಟ ಓದತಿದ್ಲು. ಸಾಹೇಬ್ರು ಓದಿದ ಪತ್ರದ ಮೂಲಿಗೆ ಪೆನ್ಸಿಲ್ಲಿಂದ ಸರಿ ಗುರ್ತು ಹಾಕ್ತಿದ್ರು. ತಿದ್ದೂದು ಬರದಾಂವನ ಕೈಯಾಗ ಆಗಬೇಕಂತ, ನಾಕು ಹೊಡದು ಸೊನ್ನಿ ಬರದು ಸಹಿ ಹಾಕೂದು ನನ್ನ ಪಾಲು. ಒಂದೊಂದ ಸೊನ್ನಿಗೂ ಆ ಎರಡು ಖೋಲಿದ ಒಂದೊಂದು ಕಲ್ಲು ಕಿತ್ತಂಗ ಆಗ್ತಿತ್ತು. ಗ್ವಾಡಿ ಹೋತು, ಒಲಿ ಹೋತು, ಹಿತ್ತಲ ಹೋತು.

ನಡುವ ಒಂದ್ಸಲ ಅಕಿ ತಾಸು ದಾಟಿ ಮುಂದ ಓದಿಬಿಟ್ಲು. "ಒಂಬತ್ತು ಹೊಡದೈತಿ. ಖಾಸಿಂಬಿ, ಇವತ್ತ ಗಾಳಿ ಭಾಳ ಚಲೋ ಐತಿ." ನಿಂತ್ಲು. ನನ್ನ ಕಡೆ ನೋಡಿದ್ಲು. "ಗಾಳಿ ಇಲ್ದಾಗ ಬರದವು ಇವೆಲ್ಲಾ?"

"ಹೂಂ."

"ಹಂಗಾರ ಎಲ್ಲಾದ್ರಾಗೂ ಗಾಳಿ ಚಲೋ ಐತಿ ಅಂತ ಯಾಕ ಬರದೀರಿ?"

ಸಾಹೇಬ್ರು ಎದ್ದು ಕಂಬದ ಕಡೆ ಹ್ವಾದ್ರು. "ಬರ್ತೈತಿ ಅನ್ನೂದು ಗೊತ್ತಿತ್ತು" ಅಂದೆ. ಸಾಹೇಬ್ರು ತಿರುಗಿ ಬಂದ ಮ್ಯಾಲ ಅಕಿ ಮತ್ತ ಪತ್ರಕ್ಕ ತಲಿ ಹಾಕಿ ಮುಂದಿನ ತಾರೀಖು ಓದಿದ್ಲು.

ಮುಗದ ಮ್ಯಾಲ, ಪತ್ರ ಇಲ್ದ ಮೂರು ವಾರಕ್ಕ ಏನು ಮಾಡೂದು ಅಂತ ಸಾಹೇಬ್ರನ್ನ ಕೇಳಿದೆ. "ಪುರಾವೆ ಇಲ್ಲ. ನೀವು ಬರದದ್ದೇ ಇರ್ಲಿ" ಅಂದ್ರು. ತಂತಿ ಸಮೇತ ಪತ್ರ ಕಡತದಾಗ ಇಟ್ಕೊಳ್ಳಲೇನು ಅಂತ ಸಾಹೇಬ್ರು ಕೇಳಿದ್ರ ಖಾಸಿಂಬಿ ಸೆರಗಿನ್ಯಾಗ ಸುತ್ತಿ ಹಿಂದ ಸರಿಸಿದ್ಲು. "ತಾಸು ಬರಕೊಂಡ್ರಲ್ರಿ ಸಾಹೇಬ್ರ. ಉಳದದ್ದು ನಂದು."

ಎರಡು ದಿನ ಇದ್ಲು. ತಗಡಿನ ಖೋಲಿ ಸಾರಿಸಿದ್ಲು, ನನ್ನ ಕಾಲಿಗೆ ಎಣ್ಣಿ ತಿಕ್ಕಿದ್ಲು. ಬಸ್ಸಿಗೆ ಹೋಗೂ ದಿನ ಮುಂಜಾನಿ ಒಂಬತ್ತಕ್ಕ ನಾ ಮುಳ್ಳು ನೋಡಿ ಸೊನ್ನಿ ಬರದದ್ದನ್ನ ಹಿಂದ ನಿಂತು ನೋಡಿದ್ಲು. "ಇಲ್ಲಿಗೆ ಬರೂ ಆಸೆ ಇತ್ತೇನು ನಿಂಗ?" ಅಂತ ಕೇಳೇಬಿಟ್ಟೆ. "ಹೆಂಗ ಇದ್ರ ಹಂಗ" ಅಂದ್ಲು, ಗಂಟು ಎತ್ತಕೊಂಡ್ಲು. ಕಲ್ಲಿನ್ಯಾಂಗ ಹೆಣ್ಣು ಅನ್ಕೊಂಡೆ ನಾ.

ಮಳಿ ಸುರುವಾಗೂಕಿಂತ ಮದ್ಲ ಕಾಗದ ಬಂತು, ಆ ಗುಡ್ಡ ಬ್ಯಾಡ ಅಂತ. ಮಳಿಗಾಲದಾಗ ಗಾಳಿ ಅತಿ, ಉಳದ ವರ್ಷ ಬೇಕಾದ ಹೊತ್ತಿಗಿಲ್ಲ. ಕಂಬ ಇಳಿಸಿದ್ರು. ಕಡೀ ದಿನ ನಾನೂ ತಿರುಪು ಬಿಚ್ಚಿಕೊಟ್ಟೆ. ಕುಂಕಳ್ಳಿ ಬಿಡೂ ಮುಂಚೆ ಪೋಸ್ಟಿನ್ಯಾಂವನ ಅಂಗಿ ಹಿಡದು ಜಗಳಾಡಿದ್ದೂ ಆತು, ನನ್ನ ಮೂರು ಪತ್ರ ಏನ್ ಮಾಡಿದಿ ಅಂತ. ಪಾಪ ಅಂವ ಯಾರ್ಯಾರೋ ಸಂತರ ಹೆಸರು ಹೇಳಿ ಆಣಿ ಮಾಡಿದ. ನಂಬಲಿಲ್ಲ. ಸಾವರ್ಡ್ಯಾಗ ಲಾರಿ ಸ್ಟ್ಯಾಂಡಿನ ವಾಚ್‌ಮನ್ ಆದೆ, ಆಮ್ಯಾಲ ಇಲ್ಲಿ ಕೊರ್ತಾಲಿಮ್‌ದಾಗ ಉಳ್ಳಾಗಡ್ಡಿ ಗಾಡಿ. ಶಾಕೀರಾನ್ನ ಲಗ್ನ ಮಾಡಿಕೊಟ್ಟ ಮ್ಯಾಲ ಖಾಸಿಂಬಿ ಬಂದ್ಲು, ಆ ಗುಡ್ಡ ಇಳದು ಹದಿಮೂರು ವರ್ಷಕ್ಕ. ಕೂಡಿ ಇದ್ವಿ. ಮಾತು ಕಡಿಮಿ. ಅಕಿಗೆ ನನ್ನ ಹಂತ್ಯಾಕ ಬರೂ ಮನಸ್ಸ ಇತ್ತೋ, ಬ್ಯಾರೆ ದಾರಿ ಇಲ್ಲಂತ ಬಂದ್ಲೋ ಅನ್ನೂ ಮುಳ್ಳು ಹೊಟ್ಯಾಗ ಹಂಗ ಉಳೀತು. ಕೇಳಾಕ ಇನ್ನೊಂದ್ಸಲ ಬಾಯಿ ಬರಲಿಲ್ಲ.

ತಂತಿ ಕಟ್ಟಿ ಮ್ಯಾಲ ಇಟ್ಟು ಒಳಗ ಹೋಗಿ ಟ್ರಂಕ್ ಪೂರ್ತಿ ಖಾಲಿ ಮಾಡಿದೆ. ತಳದಾಗ ಹಾಸಿದ ಹಳೇ ಕಾಗದದ ಕೆಳಗ, ಶಾಕೀರಾ ಕೂಸಿದ್ದಾಗ ತಲಿಗೆ ಹಾಕತಿದ್ದ ಕುಂಚಗಿ ಬಟ್ಟ್ಯಾಗ ಸುತ್ತಿದ ಮೂರು ಇನ್‌ಲ್ಯಾಂಡ್ ಇದ್ವು. ಪೋಸ್ಟಿನ ಸಿಕ್ಕಾ ಬಿದ್ದೈತಿ. ನಡುವ ತಂತಿ ತೂತು ಐತಿ, ಪೋಣಿಸಿ ಆಮ್ಯಾಲ ತೆಗದದ್ದು. ಮೂಲ್ಯಾಗ ಸಾಹೇಬ್ರ ಪೆನ್ಸಿಲ್ ಗುರ್ತಿಲ್ಲ.

ಮೂರೂ ಓದಿದೆ. ಒಂಬತ್ತು ಹೊಡದೈತಿ, ಸಂಜಿ ಆರು, ಒಂಬತ್ತು ಹೊಡದೈತಿ. ವಾರಕ್ಕ ಏಳು ದಿನ, ಒಂದೂ ಬಿಟ್ಟಿಲ್ಲ. ನಾಕು ತಿಂಗಳಾಗ ಗಾಳಿ ಎಲ್ಲಾಕ್ಕಿಂತ ಹೆಚ್ಚು ನಿಂತ ಮೂರು ವಾರ ಅವು. ಊರಾಗ ದೀಪದ ಮುಂದ ಕುಂತು, ಎಲ್ಲಾ ಪತ್ರ ಓದಿ, ಎಣಿಸಿ, ಆ ಮೂರು ವಾರದ ಸೊನ್ನಿ ಲೆಕ್ಕಕ್ಕ ಬರಬಾರದಂತ ಆರಿಸಿ ತೆಗದಿಟ್ಟು ಬಂದಿದ್ಲು ಅಕಿ. ಪೋಸ್ಟಿಗೆ ಹಾಕಾಕ ಭರೋಸಾ ಇಲ್ಲ ಅಂದು, ನನ್ನ ಮಾರಿ ನೋಡಿ ಸುಳ್ಳು ಹೇಳಿದ್ಲು.

ನೆಲದ ಮ್ಯಾಲ ಕುಂತು ಅತ್ತೆ. ಆ ಪೋಸ್ಟಿನ್ಯಾಂವ ಇದ್ದಾನೋ ಇಲ್ಲೋ, ಅಂವನ ಕಾಲು ಹಿಡೀಬೇಕು. ಕಾಮತ ಸಾಹೇಬ್ರ ಕಡತ ಯಾವ ಕಪಾಟಿನ್ಯಾಗ ಐತೋ, ಇಲ್ಲಾ ಗೆದ್ದಲು ತಿಂದೈತೋ. ಇದ್ರ, ಅದರಾಗ ಆ ಮೂರು ವಾರ ಮುಂಜಾನಿ ಒಂಬತ್ತಕ್ಕ ಇನ್ನೂ ಗಾಳಿ ಬೀಸಾಕತ್ತೈತಿ. ನಾ ತಿದ್ದಾಕ ಹೋಗೂದಿಲ್ಲ.